ಅಂತರರಾಷ್ಟ್ರೀಯ ವಿಮಾನಕ್ಕೆ ಎಷ್ಟು ಮುಂಚೆ ನಿಲ್ದಾಣ ತಲುಪಬೇಕು: ಹಿಂದಿನಿಂದ ಲೆಕ್ಕ ಹಾಕುವ ಸಮಗ್ರ ಮಾರ್ಗದರ್ಶಿ

ಅಂತರರಾಷ್ಟ್ರೀಯ ಪ್ರಯಾಣವಾದರೆ ಮೂರು ಗಂಟೆ ಮೊದಲೇ ವಿಮಾನ ನಿಲ್ದಾಣದಲ್ಲಿರಬೇಕು ಎಂಬುದು ಎಲ್ಲರೂ ಹೇಳುವ ಮಾತು. ಸಲಹೆಯಲ್ಲಿ ತಪ್ಪಿಲ್ಲ. ಆದರೆ ಆ ಮೂರು ಗಂಟೆಯೊಳಗೆ ಯಾವ ಕೆಲಸಕ್ಕೆ ಎಷ್ಟು ಹೊತ್ತು ಸೇರಿದೆ ಎಂಬುದನ್ನು ತಿಳಿಯದವರಿಗೆ, ಯಾವಾಗ ಎರಡು ಗಂಟೆ ಸಾಕಾಗುತ್ತದೆ ಮತ್ತು ಯಾವಾಗ ನಾಲ್ಕು ಗಂಟೆಯೂ ಬಿಗಿಯಾಗುತ್ತದೆ ಎಂಬುದನ್ನು ನಿರ್ಧರಿಸಲು ದಾರಿಯಿರುವುದಿಲ್ಲ. ಟಿಕೆಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಕಾಣುವುದು ವಿಮಾನ ಹೊರಡುವ ಸಮಯ. ಪ್ರಯಾಣಿಕನ ಪಾಲಿಗೆ ನಿಜವಾದ ಗಡುವು ಅದಲ್ಲ. ಲಗೇಜ್ ಒಪ್ಪಿಸುವ ಕೌಂಟರ್ ಮುಚ್ಚುವ ಸಮಯ ಒಂದು, ವಿಮಾನ ಹತ್ತುವ ಗೇಟ್ ಮುಚ್ಚುವ ಸಮಯ ಇನ್ನೊಂದು. ಈ ಎರಡು ಗಡುವುಗಳಿಂದ ಹಿಂದಕ್ಕೆ ಎಣಿಸಿಕೊಂಡು ಬಂದರೆ ಮನೆ ಬಿಡಬೇಕಾದ ಹೊತ್ತು ತಾನಾಗಿ ಸಿಗುತ್ತದೆ. ಆ ಎಣಿಕೆಯನ್ನು ಹೇಗೆ ಮಾಡಬೇಕೆಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸಲಾಗಿದೆ.

ಮೊದಲ ಹಂತ: ದಿನಾಂಕ, ಟರ್ಮಿನಲ್, ವಿಮಾನ ಸಂಸ್ಥೆ ಖಚಿತಪಡಿಸಿಕೊಳ್ಳುವುದು

ಟಿಕೆಟ್ಟಿನಲ್ಲಿರುವ ಎಲ್ಲ ಸಮಯಗಳೂ ಆಯಾ ಊರಿನ ಸ್ಥಳೀಯ ಸಮಯಗಳು, ಮತ್ತು ಅವು ಸಾಮಾನ್ಯವಾಗಿ 24 ಗಂಟೆಯ ಕ್ರಮದಲ್ಲಿರುತ್ತವೆ. ದೂರದ ವಿಮಾನಗಳಲ್ಲಿ ಅನೇಕವು ನಡುರಾತ್ರಿಯ ನಂತರ ಹೊರಡುವುದರಿಂದ ಇಲ್ಲಿ ಒಂದು ದೊಡ್ಡ ಅಪಾಯವಿದೆ. 15ನೇ ತಾರೀಖು 00:40 ಎಂದು ಬರೆದಿದ್ದರೆ ನೀವು ನಿಲ್ದಾಣದಲ್ಲಿರಬೇಕಾದದ್ದು 14ನೇ ತಾರೀಖಿನ ರಾತ್ರಿ ಊಟದ ಹೊತ್ತಿಗೆ. 15ರ ರಾತ್ರಿ ಹೊರಟವರಿಗೆ ವಿಮಾನ ಹೋಗಿ ಒಂದು ದಿನ ಕಳೆದಿರುತ್ತದೆ. ಟಿಕೆಟ್ ಕೈಗೆ ಬಂದ ದಿನವೇ ‘14ರ ರಾತ್ರಿ ನಿಲ್ದಾಣಕ್ಕೆ’ ಎಂದು ಕ್ಯಾಲೆಂಡರಿನಲ್ಲಿ ಬರೆದಿಡುವುದು ಒಳ್ಳೆಯದು. ವಸಂತದಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು ಶರತ್ಕಾಲದಲ್ಲಿ ಹಿಂದಿಡುವ ದೇಶಗಳಿಂದ ಹೊರಡುವವರು, ಪ್ರಯಾಣದ ದಿನ ಆ ಬದಲಾವಣೆಯ ದಿನವೇ ಆಗಿದೆಯೇ ಎಂಬುದನ್ನೂ ನೋಡಿಕೊಳ್ಳಬೇಕು. ಯುರೋಪಿನ ಒಕ್ಕೂಟದ ದೇಶಗಳಲ್ಲಿ ಅದು ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ ನಡೆಯುತ್ತದೆ.

ಎರಡನೆಯದು ಟರ್ಮಿನಲ್. ಒಂದು ಸಂಸ್ಥೆಯ ಹೆಸರಿನಲ್ಲಿ ಟಿಕೆಟ್ ಮಾರಾಟವಾಗಿ ವಿಮಾನವನ್ನು ಮತ್ತೊಂದು ಸಂಸ್ಥೆ ಹಾರಿಸುವ ಕೋಡ್‌ಶೇರ್ ವ್ಯವಸ್ಥೆ ಇಂದು ಬಹಳ ಸಾಮಾನ್ಯ. ಅಂಥ ಟಿಕೆಟ್ಟಿನಲ್ಲಿ ‘ನಿರ್ವಹಿಸುವವರು’ ಎಂದು ಸಣ್ಣ ಅಕ್ಷರದಲ್ಲಿ ಇರುವ ಸಂಸ್ಥೆಯ ಕೌಂಟರಿಗೆ ಹೋಗಬೇಕು. ಗಡುವುಗಳೂ ಸಾಮಾನ್ಯವಾಗಿ ಆ ಸಂಸ್ಥೆಯವೇ. ದೊಡ್ಡ ನಿಲ್ದಾಣಗಳಲ್ಲಿ ಒಂದು ಟರ್ಮಿನಲ್ಲಿನಿಂದ ಇನ್ನೊಂದಕ್ಕೆ ರೈಲಿನಲ್ಲೋ ಬಸ್ಸಿನಲ್ಲೋ ಹೋಗಬೇಕಾಗುತ್ತದೆ, ತಪ್ಪು ಟರ್ಮಿನಲ್ಲಿನಲ್ಲಿ ಇಳಿದವರಿಗೆ ಅರ್ಧ ಗಂಟೆ ಸುಮ್ಮನೆ ಕೈತಪ್ಪುತ್ತದೆ. ಹೊರಡುವ ದಿನ ಬೆಳಿಗ್ಗೆ ಇನ್ನೊಮ್ಮೆ ನೋಡಿ, ಏಕೆಂದರೆ ಟರ್ಮಿನಲ್ ಕೊನೆಯ ವಾರದಲ್ಲಿ ಬದಲಾಗುವುದೂ ಉಂಟು.

ಎರಡನೇ ಹಂತ: ಎರಡು ಗಡುವುಗಳನ್ನು ಬರೆದುಕೊಳ್ಳುವುದು

ಬಹುತೇಕ ಸಂಸ್ಥೆಗಳು ಅಂತರರಾಷ್ಟ್ರೀಯ ವಿಮಾನಗಳ ಚೆಕ್-ಇನ್ ಕೌಂಟರನ್ನು, ಅಂದರೆ ಲಗೇಜ್ ಒಪ್ಪಿಸಿ ಬೋರ್ಡಿಂಗ್ ಪಾಸ್ ಪಡೆಯುವ ಕೌಂಟರನ್ನು, ಹೊರಡುವ ಸಮಯಕ್ಕೆ 60 ನಿಮಿಷ ಮೊದಲು ಮುಚ್ಚುತ್ತವೆ. ಕೆಲವು ಸಂಸ್ಥೆಗಳು ಮತ್ತು ಕೆಲವು ಮಾರ್ಗಗಳಲ್ಲಿ ಇದು 75 ಅಥವಾ 90 ನಿಮಿಷವಾಗಿರುತ್ತದೆ, ಇನ್ನು ಕೆಲವೆಡೆ 45 ನಿಮಿಷ. ಬೋರ್ಡಿಂಗ್, ಅಂದರೆ ಪ್ರಯಾಣಿಕರನ್ನು ವಿಮಾನ ಹತ್ತಿಸುವುದು, ಸಾಮಾನ್ಯವಾಗಿ 45ರಿಂದ 60 ನಿಮಿಷ ಮೊದಲು ಆರಂಭವಾಗಿ, ಗೇಟ್ 15ರಿಂದ 20 ನಿಮಿಷ ಮೊದಲು ಮುಚ್ಚುತ್ತದೆ. ನಿಮ್ಮ ವಿಮಾನಕ್ಕೆ ಅನ್ವಯಿಸುವ ಅಂಕಿಗಳು ಸಂಸ್ಥೆಯ ಜಾಲತಾಣದಲ್ಲಿಯೂ ಟಿಕೆಟ್ಟಿನ ಷರತ್ತುಗಳಲ್ಲಿಯೂ ಇರುತ್ತವೆ. ಬೋರ್ಡಿಂಗ್ ಪಾಸಿನ ಮೇಲೆ ಬೋರ್ಡಿಂಗ್ ಸಮಯ ಅಚ್ಚಾಗಿರುತ್ತದೆ. ಊಹಿಸದೆ ಅವನ್ನೇ ಬರೆದುಕೊಳ್ಳಿ.

ಈ ಗಡುವುಗಳು ಏಕೆ ಇಷ್ಟು ಕಟ್ಟುನಿಟ್ಟು ಎಂಬುದನ್ನು ತಿಳಿದರೆ, ಕೌಂಟರಿನ ಸಿಬ್ಬಂದಿಯೊಂದಿಗೆ ಐದು ನಿಮಿಷಕ್ಕಾಗಿ ವಾದಿಸುವುದು ಏಕೆ ಫಲಿಸುವುದಿಲ್ಲವೆಂಬುದೂ ತಿಳಿಯುತ್ತದೆ. ಕೌಂಟರ್ ಮುಚ್ಚಿದ ಮೇಲೆ ಒಟ್ಟು ಪ್ರಯಾಣಿಕರೆಷ್ಟು, ಸರಕೆಷ್ಟು, ಯಾವ ಭಾಗದಲ್ಲಿ ಎಷ್ಟು ತೂಕ ಎಂಬ ಲೆಕ್ಕ ಅಂತಿಮಗೊಂಡು ಪೈಲಟ್ ಕೈಗೆ ಹೋಗಬೇಕು. ವಿಮಾನದ ಸಮತೋಲನ ಆ ಲೆಕ್ಕದ ಮೇಲೆ ನಿಂತಿದೆ. ನೀವು ಒಪ್ಪಿಸಿದ ಪೆಟ್ಟಿಗೆ ಎಕ್ಸ್‌ರೇ ತಪಾಸಣೆ ದಾಟಿ, ವಿಂಗಡಣೆಯಾಗಿ, ವಿಮಾನದ ಹೊಟ್ಟೆಯನ್ನು ಸೇರುವುದಕ್ಕೂ ಸಮಯ ಬೇಕು. ಇದಕ್ಕಿಂತ ಗಂಭೀರವಾದ ಕಾರಣವೂ ಒಂದಿದೆ. 1985ರ ಜೂನ್ 23ರಂದು ಏರ್ ಇಂಡಿಯಾದ ‘ಕನಿಷ್ಕ’ ವಿಮಾನವನ್ನು, 1988ರ ಡಿಸೆಂಬರ್ 21ರಂದು ಸ್ಕಾಟ್ಲೆಂಡಿನ ಲಾಕರ್‌ಬಿಯ ಮೇಲೆ ಪ್ಯಾನ್ ಆಮ್ 103 ವಿಮಾನವನ್ನು ಸ್ಫೋಟಿಸಿದ ಬಾಂಬುಗಳು, ಜೊತೆಗೆ ಪ್ರಯಾಣಿಕರಿಲ್ಲದ ಪೆಟ್ಟಿಗೆಗಳಲ್ಲಿದ್ದವು. ವಿಮಾನ ಹತ್ತದವರ ಪೆಟ್ಟಿಗೆ ವಿಮಾನದಲ್ಲಿ ಹೋಗಬಾರದೆಂಬ ನಿಯಮ ಜಗತ್ತಿನಾದ್ಯಂತ ಬಿಗಿಯಾದದ್ದು ಈ ದುರಂತಗಳ ನಂತರ. ಆದ್ದರಿಂದ ಒಬ್ಬರು ಗೇಟಿಗೆ ಬಾರದಿದ್ದರೆ ಅವರ ಪೆಟ್ಟಿಗೆಯನ್ನು ನೂರಾರು ಪೆಟ್ಟಿಗೆಗಳ ನಡುವಿನಿಂದ ಹುಡುಕಿ ಕೆಳಗಿಳಿಸಬೇಕಾಗುತ್ತದೆ. ಆ ಕೆಲಸಕ್ಕೆ ಬೇಕಾದ ನಿಮಿಷಗಳು ಗೇಟ್ ಮುಚ್ಚುವ ಮತ್ತು ವಿಮಾನ ಹೊರಡುವ ಹೊತ್ತಿನ ನಡುವೆಯೇ ಸಿಗಬೇಕು.

ಮೂರನೇ ಹಂತ: ಹಿಂದಕ್ಕೆ ಎಣಿಸುವುದು

ಒಂದು ಉದಾಹರಣೆಯನ್ನು ಇಟ್ಟುಕೊಳ್ಳೋಣ. ವಿಮಾನ ಹೊರಡುವುದು 21:30ಕ್ಕೆ. ಕೌಂಟರ್ ಮುಚ್ಚುವುದು 20:30ಕ್ಕೆ, ಗೇಟ್ ಮುಚ್ಚುವುದು 21:10ಕ್ಕೆ. ಗೇಟಿನಿಂದ ಹಿಂದಕ್ಕೆ ಬರೋಣ. ಇಮಿಗ್ರೇಷನ್ (ದೇಶ ಬಿಡುವಾಗಿನ ಪಾಸ್‌ಪೋರ್ಟ್ ತಪಾಸಣೆ) ಮುಗಿದ ಸ್ಥಳದಿಂದ ಗೇಟಿಗೆ ನಡೆಯಲು 15 ನಿಮಿಷ ಹಿಡಿದರೆ 20:55. ಇಮಿಗ್ರೇಷನ್ ಸಾಲಿಗೆ 40 ನಿಮಿಷವೆಂದರೆ 20:15. ಭದ್ರತಾ ತಪಾಸಣೆಗೆ 30 ನಿಮಿಷವಾದರೆ 19:45. ಚೆಕ್-ಇನ್ ಮತ್ತು ಲಗೇಜಿನ ಸಾಲಿಗೆ 45 ನಿಮಿಷವಾದರೆ 19:00. ವಾಹನದಿಂದಿಳಿದು, ಟ್ರಾಲಿ ಹಿಡಿದು, ಸರಿಯಾದ ಕೌಂಟರ್ ಹುಡುಕಲು 15 ನಿಮಿಷ ಸೇರಿಸಿದರೆ 18:45. ಅಂದರೆ ಹೊರಡುವುದಕ್ಕೆ ಎರಡೂ ಮುಕ್ಕಾಲು ಗಂಟೆ ಮೊದಲು. ಇದಕ್ಕೆ ಸಣ್ಣ ಮೀಸಲು ಸಮಯ ಸೇರಿಸಿದರೆ ಸಿಗುವುದೇ ಆ ಪ್ರಸಿದ್ಧ ಮೂರು ಗಂಟೆ.

ಎರಡನೇ ಗಡುವನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬೇಕು. 20:30ಕ್ಕೆ ಮುಚ್ಚುವ ಕೌಂಟರಿನಲ್ಲಿ 45 ನಿಮಿಷದ ಸಾಲಿದ್ದರೆ 19:45ಕ್ಕೆ ಸಾಲಿನ ಕೊನೆಯಲ್ಲಿರಲೇಬೇಕು. ಎರಡು ಎಣಿಕೆಗಳಲ್ಲಿ ಯಾವುದು ಮುಂಚಿನ ಸಮಯವನ್ನು ಕೊಡುತ್ತದೋ ಅದನ್ನು ಹಿಡಿಯಬೇಕು. ಲಗೇಜ್ ಒಪ್ಪಿಸುವುದಿಲ್ಲ, ಬೋರ್ಡಿಂಗ್ ಪಾಸ್ ಆಗಲೇ ಮೊಬೈಲಿನಲ್ಲಿದೆ, ದಾಖಲೆ ಪರಿಶೀಲನೆಯೂ ಆನ್‌ಲೈನಿನಲ್ಲೇ ಮುಗಿದಿದೆ ಎಂದಾದರೆ ಚೆಕ್-ಇನ್ ಸಾಲಿನ 45 ನಿಮಿಷ ಉಳಿದು, ಇದೇ ವಿಮಾನಕ್ಕೆ ಎರಡು ಗಂಟೆ ಸಾಕಾಗುತ್ತದೆ. ಈ ಮೂರು ಷರತ್ತುಗಳಲ್ಲಿ ಒಂದು ತಪ್ಪಿದರೂ ಎರಡು ಗಂಟೆಯನ್ನು ನಂಬಬಾರದು.

ಸಾಲುಗಳು ದಿನವಿಡೀ ಒಂದೇ ಉದ್ದ ಇರುವುದಿಲ್ಲ ಎಂಬುದನ್ನು ಈ ಲೆಕ್ಕದಲ್ಲಿ ಮರೆಯಬಾರದು. ಸಂಪರ್ಕ ವಿಮಾನಗಳು ಹೊಂದಿಕೊಳ್ಳಲೆಂದು ಸಂಸ್ಥೆಗಳು ಅನೇಕ ವಿಮಾನಗಳನ್ನು ಒಂದೆರಡು ಗಂಟೆಯ ಅವಧಿಯೊಳಗೆ ಒಟ್ಟೊಟ್ಟಿಗೆ ಹೊರಡಿಸುತ್ತವೆ. ತಲಾ ಮುನ್ನೂರು ಜನ ಹಿಡಿಯುವ ನಾಲ್ಕು ವಿಮಾನಗಳು ಒಂದೇ ಗಂಟೆಯಲ್ಲಿ ಹೊರಟರೆ ಸಾವಿರಕ್ಕೂ ಹೆಚ್ಚು ಜನ ಒಂದೇ ಇಮಿಗ್ರೇಷನ್ ಸಾಲಿಗೆ ಬರುತ್ತಾರೆ. ನಿಲ್ದಾಣದ ಜಾಲತಾಣದಲ್ಲಿ ನಿರ್ಗಮನಗಳ ಪಟ್ಟಿಯನ್ನು ತೆರೆದು, ನಿಮ್ಮ ವಿಮಾನದ ಆಸುಪಾಸಿನಲ್ಲಿ ಎಷ್ಟು ಅಂತರರಾಷ್ಟ್ರೀಯ ವಿಮಾನಗಳಿವೆ ಎಂದು ನೋಡಿದರೆ ಜನಸಂದಣಿಯ ಅಂದಾಜು ಎರಡೇ ನಿಮಿಷದಲ್ಲಿ ಸಿಗುತ್ತದೆ. ಶಾಲಾ ರಜೆ ಆರಂಭವಾಗುವ ವಾರಾಂತ್ಯವಾಗಿದ್ದರೆ ಪ್ರತಿಯೊಂದು ಸಾಲಿಗೂ ಅರ್ಧದಷ್ಟು ಹೆಚ್ಚು ಸಮಯ ಹಿಡಿಯುವುದು ಕ್ಷೇಮ.

ನಾಲ್ಕನೇ ಹಂತ: ಕೌಂಟರಿನಲ್ಲಿ ನಿಲ್ಲಿಸುವ ಕಾರಣಗಳನ್ನು ಮನೆಯಲ್ಲೇ ಮುಗಿಸುವುದು

ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಕೌಂಟರಿನ ಮುಂದೆ ಹೊತ್ತು ಹೋಗುವುದು ಹೆಚ್ಚಾಗಿ ದಾಖಲೆಗಳಿಂದ. ಸರಿಯಾದ ದಾಖಲೆಯಿಲ್ಲದವರನ್ನು ಕರೆತಂದರೆ ಅನೇಕ ದೇಶಗಳು ವಿಮಾನ ಸಂಸ್ಥೆಗೇ ದಂಡ ಹಾಕುತ್ತವೆ, ಅವರನ್ನು ಹಿಂದಕ್ಕೆ ಕರೆದೊಯ್ಯುವ ಹೊಣೆಯೂ ಸಂಸ್ಥೆಯ ಮೇಲೇ ಬೀಳುತ್ತದೆ. ಹೀಗಾಗಿ ಸಿಬ್ಬಂದಿ ಪಾಸ್‌ಪೋರ್ಟ್, ವೀಸಾ, ಹಿಂದಿರುಗುವ ಟಿಕೆಟ್ ಇವೆಲ್ಲವನ್ನೂ ಗಮ್ಯ ದೇಶದ ನಿಯಮಗಳೊಂದಿಗೆ ತಾಳೆ ನೋಡುತ್ತಾರೆ. ಆನ್‌ಲೈನ್ ಚೆಕ್-ಇನ್ ಮಾಡಿಕೊಂಡಿದ್ದರೂ ‘ದಾಖಲೆ ಪರಿಶೀಲನೆಗೆ ಕೌಂಟರಿಗೆ ಬನ್ನಿ’ ಎಂಬ ಸೂಚನೆ ಬಂದರೆ ಸಾಲಿನಲ್ಲಿ ನಿಲ್ಲುವುದು ಅನಿವಾರ್ಯ. ಲಗೇಜ್ ಇಲ್ಲವೆಂದು ತಡವಾಗಿ ಬಂದು ಇಲ್ಲಿ ಸಿಕ್ಕಿಹಾಕಿಕೊಳ್ಳುವವರು ಬಹಳ.

ಪಾಸ್‌ಪೋರ್ಟಿನ ಅವಧಿಯನ್ನು ಟಿಕೆಟ್ ಕೊಳ್ಳುವ ಮೊದಲೇ ನೋಡಬೇಕು. ಅನೇಕ ದೇಶಗಳು ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕೆಂದು ಕೇಳುತ್ತವೆ. ಪರಸ್ಪರ ಗಡಿ ತಪಾಸಣೆಯಿಲ್ಲದ ಯುರೋಪಿನ ದೇಶಗಳ ಶೆಂಗೆನ್ ವಲಯವು, ಅಲ್ಲಿಂದ ಹೊರಡುವ ದಿನದ ನಂತರವೂ ಮೂರು ತಿಂಗಳ ಅವಧಿ ಇರಬೇಕೆಂದೂ ಪಾಸ್‌ಪೋರ್ಟ್ ಕಳೆದ ಹತ್ತು ವರ್ಷಗಳೊಳಗೆ ಕೊಟ್ಟದ್ದಾಗಿರಬೇಕೆಂದೂ ಕೇಳುತ್ತದೆ. ಟಿಕೆಟ್ಟಿನ ಮೇಲಿನ ಹೆಸರು ಪಾಸ್‌ಪೋರ್ಟಿನಲ್ಲಿರುವ ಹೆಸರಿಗೆ ಅಕ್ಷರಶಃ ಹೊಂದಬೇಕು. ಮಗು ತಂದೆ ಅಥವಾ ತಾಯಿ ಒಬ್ಬರ ಜೊತೆ ಮಾತ್ರ ಹೋಗುತ್ತಿದ್ದರೆ ಇನ್ನೊಬ್ಬರ ಒಪ್ಪಿಗೆ ಪತ್ರವನ್ನು ಕೆಲವು ದೇಶಗಳಲ್ಲಿ ಕೇಳುತ್ತಾರೆ. ಇಳಿಯುವ ದೇಶದಲ್ಲಿ ಉಳಿಯುವ ವಿಳಾಸವನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಮೊಬೈಲ್ ಬ್ಯಾಟರಿ ಮುಗಿದ ಹೊತ್ತಿನಲ್ಲಿ ಆ ಒಂದು ಸಾಲು ನೆರವಾಗುತ್ತದೆ.

ಆನ್‌ಲೈನ್ ಚೆಕ್-ಇನ್ ಸಾಮಾನ್ಯವಾಗಿ 48 ಅಥವಾ 24 ಗಂಟೆ ಮೊದಲು ತೆರೆಯುತ್ತದೆ, ತೆರೆದ ಕೂಡಲೇ ಮುಗಿಸಿಕೊಳ್ಳಿ. ಲಗೇಜ್ ಇದ್ದರೂ ಇದರಿಂದ ಪ್ರಯೋಜನವಿದೆ, ಏಕೆಂದರೆ ಲಗೇಜ್ ಒಪ್ಪಿಸಲು ಮಾತ್ರ ಇರುವ ಪ್ರತ್ಯೇಕ ಸಾಲು ಹೆಚ್ಚಿನೆಡೆ ಬೇಗ ಸಾಗುತ್ತದೆ. ಪೆಟ್ಟಿಗೆಗಳನ್ನು ಮನೆಯಲ್ಲೇ ತೂಗಿ. ಒಂದೇ ಪೆಟ್ಟಿಗೆ 32 ಕಿಲೋ ಮೀರಿದರೆ, ಹೆಚ್ಚುವರಿ ಹಣ ಕೊಡುತ್ತೇವೆಂದರೂ ಬಹುತೇಕ ಸಂಸ್ಥೆಗಳು ಒಪ್ಪುವುದಿಲ್ಲ. ಕೌಂಟರಿನ ಎದುರು ನೆಲದ ಮೇಲೆ ಪೆಟ್ಟಿಗೆ ಬಿಚ್ಚಿ ಬಟ್ಟೆಗಳನ್ನು ಒಂದರಿಂದ ಇನ್ನೊಂದಕ್ಕೆ ಸಾಗಿಸುವ ಕುಟುಂಬಗಳನ್ನು ಕಂಡಾಗ ನಿಜಕ್ಕೂ ಮರುಕವಾಗುತ್ತದೆ. ಮನೆಯಲ್ಲಿ ಐದು ನಿಮಿಷ ಕೊಟ್ಟಿದ್ದರೆ ಆ ಪಾಡು ಅವರಿಗೆ ಬರುತ್ತಿರಲಿಲ್ಲ.

ಐದನೇ ಹಂತ: ಭದ್ರತಾ ತಪಾಸಣೆಗೆ ಸಿದ್ಧರಾಗಿರುವುದು

ಸ್ಫೋಟಕ ದ್ರವಗಳನ್ನು ಬಳಸಿ ಅಟ್ಲಾಂಟಿಕ್ ದಾಟುವ ವಿಮಾನಗಳನ್ನು ಉರುಳಿಸುವ ಸಂಚು 2006ರ ಆಗಸ್ಟ್‌ನಲ್ಲಿ ಬ್ರಿಟನ್ನಿನಲ್ಲಿ ಬಯಲಾದ ಮೇಲೆ, ಕ್ಯಾಬಿನ್ ಬ್ಯಾಗಿನಲ್ಲಿ ಒಂದೊಂದು ದ್ರವ 100 ಮಿಲಿಲೀಟರ್ ಮೀರದ ಸೀಸೆಯಲ್ಲಿರಬೇಕೆಂಬ ನಿಯಮ ಬಂದಿತು. ಬ್ಯಾಗಿನ ಒಳಭಾಗವನ್ನು ಮೂರು ಆಯಾಮಗಳಲ್ಲಿ ತೋರಿಸುವ ಹೊಸ ಸಿಟಿ (CT) ಸ್ಕ್ಯಾನರುಗಳಿರುವ ಕೆಲವು ನಿಲ್ದಾಣಗಳು ಇದನ್ನು ಸಡಿಲಿಸಿವೆಯಾದರೂ, ನಡುವೆ ವಿಮಾನ ಬದಲಿಸುವ ನಿಲ್ದಾಣದಲ್ಲಿ ಹಳೆಯ ನಿಯಮವೇ ಇರಬಹುದಾದ್ದರಿಂದ 100 ಮಿಲಿಲೀಟರನ್ನೇ ಪಾಲಿಸುವುದು ಸುರಕ್ಷಿತ. ಪವರ್ ಬ್ಯಾಂಕ್ ಒಪ್ಪಿಸುವ ಪೆಟ್ಟಿಗೆಯಲ್ಲಿ ಇರಕೂಡದು, ಕೈಚೀಲದಲ್ಲೇ ಇರಬೇಕು. 100 ವ್ಯಾಟ್-ಅವರ್‌ವರೆಗೆ, ಅಂದರೆ ಸುಮಾರು 27,000 ಎಂಎಎಚ್‌ವರೆಗೆ, ಸಾಮಾನ್ಯವಾಗಿ ತೊಂದರೆಯಿಲ್ಲ. 100ರಿಂದ 160 ವ್ಯಾಟ್-ಅವರ್‌ವರೆಗಿನದಕ್ಕೆ ಸಂಸ್ಥೆಯ ಅನುಮತಿ ಬೇಕು. ಪೆಟ್ಟಿಗೆಯೊಳಗೆ ಮರೆತ ಪವರ್ ಬ್ಯಾಂಕ್ ಎಕ್ಸ್‌ರೇಯಲ್ಲಿ ಕಂಡರೆ, ಅದನ್ನು ತೆಗೆಯಲು ನಿಮ್ಮನ್ನು ವಾಪಸು ಕರೆಯಬಹುದು, ಆಗ ಮತ್ತೆ ಸಾಲಿನ ಕೊನೆಯಿಂದ ಆರಂಭಿಸಬೇಕಾಗುತ್ತದೆ.

ಹೆಚ್ಚು ಸಮಯ ಬೇಡುವ ಮಾರ್ಗಗಳು

ಅಮೆರಿಕಕ್ಕೆ ಹೊರಡುವ ವಿಮಾನಗಳಿಗೆ ಅನೇಕ ನಿಲ್ದಾಣಗಳಲ್ಲಿ ಗೇಟಿನ ಬಳಿ ಇನ್ನೊಂದು ಸುತ್ತಿನ ತಪಾಸಣೆ ಮತ್ತು ಪ್ರಶ್ನೋತ್ತರ ಇರುತ್ತದೆ. ಬೋರ್ಡಿಂಗ್ ಪಾಸಿನ ಮೇಲೆ ನಾಲ್ಕು ‘ಎಸ್’ ಅಕ್ಷರಗಳು ಅಚ್ಚಾಗಿದ್ದರೆ ನಿಮ್ಮನ್ನು ವಿಶೇಷ ತಪಾಸಣೆಗೆ ಆರಿಸಲಾಗಿದೆ ಎಂದರ್ಥ. ಡಬ್ಲಿನ್, ಶಾನನ್, ಅಬುಧಾಬಿ ಹಾಗೂ ಕೆನಡಾದ ಹಲವು ದೊಡ್ಡ ನಿಲ್ದಾಣಗಳಲ್ಲಿ ಅಮೆರಿಕದ ಇಮಿಗ್ರೇಷನ್ ಮತ್ತು ಕಸ್ಟಮ್ಸ್ ತಪಾಸಣೆಯನ್ನು ವಿಮಾನ ಹತ್ತುವ ಮೊದಲೇ ಮಾಡುತ್ತಾರೆ. ಇಳಿದ ಮೇಲೆ ಸಾಲಿಲ್ಲವೆಂಬ ಅನುಕೂಲವಿದ್ದರೂ ಆ ಸಾಲು ಹೊರಡುವ ಮೊದಲಿನ ಲೆಕ್ಕಕ್ಕೆ ಸೇರುತ್ತದೆ. ಇಂಥ ಪ್ರಯಾಣಗಳಿಗೆ ಮೂರು ಗಂಟೆಯನ್ನು ಕನಿಷ್ಠವೆಂದು ತಿಳಿದು ಮೂರೂವರೆ ಗಂಟೆ ಇಟ್ಟುಕೊಳ್ಳುವುದು ಉಚಿತ. ಅಮೆರಿಕ ಮತ್ತು ಬ್ರಿಟನ್ನಿನಿಂದ ಹೊರಡುವವರಿಗೆ ಪರಿಸ್ಥಿತಿ ಬೇರೆ: ಅಲ್ಲಿ ಸಾಮಾನ್ಯವಾಗಿ ನಿರ್ಗಮನದ ಪ್ರತ್ಯೇಕ ಇಮಿಗ್ರೇಷನ್ ಕೌಂಟರ್ ಇಲ್ಲ, ಪಾಸ್‌ಪೋರ್ಟನ್ನು ವಿಮಾನ ಸಂಸ್ಥೆಯವರೇ ನೋಡುತ್ತಾರೆ. ಹಾಗಾಗಿ ಆ 40 ನಿಮಿಷವನ್ನು ಕಳೆಯಬಹುದು.

ಯುರೋಪಿನ ವಿಷಯದಲ್ಲಿ ಎರಡು ಅಂಶಗಳನ್ನು ತಿಳಿದಿರಬೇಕು. ಶೆಂಗೆನ್ ವಲಯದ 29 ದೇಶಗಳ ನಡುವೆ ಹಾರುವಾಗ, ದೇಶ ಬದಲಾದರೂ, ಸಾಮಾನ್ಯವಾಗಿ ಇಮಿಗ್ರೇಷನ್ ಇರುವುದಿಲ್ಲ. ವಲಯದಿಂದ ಹೊರಗೆ ಹೋಗುವಾಗ ಮಾತ್ರ, ವಲಯದಲ್ಲಿನ ಕೊನೆಯ ನಿಲ್ದಾಣದಲ್ಲಿ ಆ ತಪಾಸಣೆ ನಡೆಯುತ್ತದೆ. ರೋಮ್‌ನಿಂದ ಪ್ಯಾರಿಸ್ ಮೂಲಕ ಏಷ್ಯಾಕ್ಕೆ ಮರಳುವವರಿಗೆ ಇಮಿಗ್ರೇಷನ್ ಸಾಲು ಸಿಗುವುದು ಪ್ಯಾರಿಸ್ಸಿನಲ್ಲಿ, ವಿಮಾನ ಬದಲಿಸುವ ಆ ಸೀಮಿತ ಸಮಯದಲ್ಲಿ. ಎರಡನೆಯದಾಗಿ, 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಜಾರಿಗೆ ಬಂದ ಪ್ರವೇಶ-ನಿರ್ಗಮನ ದಾಖಲಾತಿ ವ್ಯವಸ್ಥೆಯಲ್ಲಿ, ಅಲ್ಪಾವಧಿಗೆ ಬರುವ ಹೊರದೇಶದವರ ಮುಖದ ಚಿತ್ರ ಮತ್ತು ಬೆರಳಚ್ಚುಗಳನ್ನು ದಾಖಲಿಸಿಕೊಳ್ಳುತ್ತಾರೆ. ಹೊರಡುವಾಗಲೂ ಅದೇ ದಾಖಲೆಯೊಂದಿಗೆ ತಾಳೆ ನೋಡುತ್ತಾರೆ. ಹಿಂದೆ ಮುದ್ರೆಯೊತ್ತಲು ಹಿಡಿಯುತ್ತಿದ್ದ ಸಮಯವನ್ನು ನೆಚ್ಚಿಕೊಂಡು ಈಗ ಲೆಕ್ಕ ಹಾಕುವಂತಿಲ್ಲ.

ಪ್ರವಾಸದಲ್ಲಿ ಕೊಂಡ ವಸ್ತುಗಳ ತೆರಿಗೆಯನ್ನು ಮರಳಿ ಪಡೆಯುವವರು ಲಗೇಜ್ ಒಪ್ಪಿಸುವ ಮೊದಲೇ ಕಸ್ಟಮ್ಸ್ ಕೌಂಟರಿಗೆ ವಸ್ತುಗಳನ್ನು ತೋರಿಸಬೇಕಾಗಬಹುದು. ಅದಕ್ಕೆ ಮುಕ್ಕಾಲು ಗಂಟೆ ಪ್ರತ್ಯೇಕವಾಗಿ ಇಡಿ.

ವೃದ್ಧರು, ಮಕ್ಕಳು, ಮೊದಲ ಬಾರಿ ಹೋಗುವವರು

ಗಾಲಿಕುರ್ಚಿಯ ಸೌಲಭ್ಯ ಬೇಕಾದವರು ಕನಿಷ್ಠ 48 ಗಂಟೆ ಮೊದಲೇ ಸಂಸ್ಥೆಗೆ ತಿಳಿಸಿರಬೇಕು. ಕುರ್ಚಿ ತಳ್ಳುವ ಸಹಾಯಕರು ಒಬ್ಬೊಬ್ಬರನ್ನೇ ಗೇಟಿಗೆ ಬಿಟ್ಟು ಮರಳಬೇಕಾದ್ದರಿಂದ, ಚೆಕ್-ಇನ್ ಬಳಿ ಕಾಯುವ ಸಮಯ ಕೆಲವೊಮ್ಮೆ ಅರ್ಧ ಗಂಟೆಗೂ ಮೀರುತ್ತದೆ. ಒಂಟಿಯಾಗಿ ಹೋಗುವ ಹಿರಿಯರನ್ನು ಕಳುಹಿಸುವ ಮನೆಯವರು ಮೂರೂವರೆ ಗಂಟೆ ಮೊದಲೇ ಕರೆತರಲಿ, ಮತ್ತು ಕುರ್ಚಿ ಸಿಕ್ಕಿ ಅವರು ಒಳಗೆ ಹೋಗುವವರೆಗೂ ಅಲ್ಲೇ ಇರಲಿ. ಹಿರಿಯರು ಗೊಂದಲವಾದಾಗ ಕೇಳಲು ಸಂಕೋಚಪಟ್ಟು ಸುಮ್ಮನೆ ಕುಳಿತುಬಿಡುತ್ತಾರೆ, ಅಷ್ಟರಲ್ಲಿ ಗೇಟಿನ ಸಮಯ ಬಂದಿರುತ್ತದೆ. ಈ ಒಂದು ಮಾತನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಓದಲೆಂದು ಮೊದಲ ಬಾರಿ ಹೊರದೇಶಕ್ಕೆ ಹೋಗುವ ವಿದ್ಯಾರ್ಥಿಗಳಿಗೂ ಮೂರೂವರೆಯಿಂದ ನಾಲ್ಕು ಗಂಟೆ ಬೇಕು, ಏಕೆಂದರೆ ಅವರ ಬಳಿ ಪೂರ್ಣ ತೂಕದ ಪೆಟ್ಟಿಗೆಗಳೂ ಹೆಚ್ಚು ಪರಿಶೀಲನೆ ಬೇಡುವ ದಾಖಲೆಗಳೂ ಇರುತ್ತವೆ.

ಅತಿಯಾಗಿ ಮುಂಚೆ ಬರುವುದರಿಂದ ಲಾಭವಿಲ್ಲ

ಹೆಚ್ಚಿನ ಸಂಸ್ಥೆಗಳ ಕೌಂಟರ್ ತೆರೆಯುವುದೇ ಹೊರಡುವುದಕ್ಕೆ ಮೂರು ಅಥವಾ ನಾಲ್ಕು ಗಂಟೆ ಮೊದಲು. ಆರು ಗಂಟೆ ಮೊದಲು ಬಂದವರು ಲಗೇಜ್ ಒಪ್ಪಿಸಲಾಗದೆ, ಒಳಗೆ ಹೋಗಲೂ ಆಗದೆ, ಆಸನಗಳು ಕಡಿಮೆಯಿರುವ ಹೊರ ಭಾಗದಲ್ಲಿ ಪೆಟ್ಟಿಗೆಗಳನ್ನು ಕಾಯುತ್ತ ಕೂರಬೇಕಾಗುತ್ತದೆ. ಕೌಂಟರ್ ತೆರೆಯುವ ಹತ್ತು ಹದಿನೈದು ನಿಮಿಷ ಮೊದಲು ಸಾಲಿನ ಮುಂದಿರುವುದು ನನ್ನ ಎಣಿಕೆಯಲ್ಲಿ ಅತ್ಯುತ್ತಮ ಸಮಯ. ಹೊರಡುವ ಸಮಯ ಮುಂದಕ್ಕೆ ಹೋಗಿದೆಯೆಂದು ಸಂದೇಶ ಬಂದರೂ ಸಂಸ್ಥೆಯೇ ಚೆಕ್-ಇನ್ ಸಮಯ ಬದಲಾಗಿದೆಯೆಂದು ಸ್ಪಷ್ಟವಾಗಿ ತಿಳಿಸದ ಹೊರತು ಮೂಲ ಸಮಯಕ್ಕೇ ಬನ್ನಿ. ವಿಳಂಬ ಕಡಿಮೆಯಾಗಿ ವಿಮಾನ ಬೇಗ ಹೊರಡಬಹುದು, ಕೌಂಟರ್ ಹಳೆಯ ಸಮಯಕ್ಕೇ ಮುಚ್ಚಿರಬಹುದು.

ನಡುವೆ ವಿಮಾನ ಬದಲಿಸುವವರಿಗೆ

ಎರಡೂ ಹಾರಾಟಗಳು ಒಂದೇ ಟಿಕೆಟ್ಟಿನಲ್ಲಿದ್ದರೆ, ಆ ನಿಲ್ದಾಣಕ್ಕೆ ನಿಗದಿಯಾದ ಕನಿಷ್ಠ ಸಂಪರ್ಕ ಸಮಯವನ್ನು ಗಮನಿಸಿಯೇ ಸಂಸ್ಥೆ ಟಿಕೆಟ್ ಮಾರಿರುತ್ತದೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಬೇರೆ ವಿಮಾನ ಕೊಡುವ ಹೊಣೆಯೂ ಅದರದೇ. ಎರಡನ್ನೂ ಬೇರೆ ಬೇರೆಯಾಗಿ ಕೊಂಡಿದ್ದರೆ ಆ ರಕ್ಷಣೆ ಇಲ್ಲ. ಇಮಿಗ್ರೇಷನ್ ದಾಟಿ, ಲಗೇಜ್ ಪಡೆದು, ಮತ್ತೆ ಚೆಕ್-ಇನ್ ಮಾಡಬೇಕು, ಆ ದೇಶದ ವೀಸಾ ಕೂಡ ಬೇಕಾಗಬಹುದು. ಅಂಥ ಸಂದರ್ಭದಲ್ಲಿ ಈ ಮಾರ್ಗದರ್ಶಿಯ ಪೂರ್ತಿ ಲೆಕ್ಕವನ್ನು ಎರಡನೇ ವಿಮಾನಕ್ಕೂ ಹಾಕಿ, ಮೊದಲ ವಿಮಾನದ ವಿಳಂಬಕ್ಕೆಂದು ಕನಿಷ್ಠ ಎರಡು ಗಂಟೆ ಸೇರಿಸಿ. ಅಮೆರಿಕದಲ್ಲಿ ವಿಮಾನ ಬದಲಿಸುವಾಗ ಒಂದೇ ಟಿಕೆಟ್ ಇದ್ದರೂ ಸಾಮಾನ್ಯವಾಗಿ ಮೊದಲ ನಿಲ್ದಾಣದಲ್ಲೇ ಇಮಿಗ್ರೇಷನ್ ಮುಗಿಸಿ, ಪೆಟ್ಟಿಗೆ ಪಡೆದು ಮತ್ತೆ ಒಪ್ಪಿಸಬೇಕಾಗುತ್ತದೆ.

ತಡವಾಗಿಯೇ ಬಿಟ್ಟರೆ

ದಾರಿಯಲ್ಲೇ ತಡವಾಗುವುದು ಖಚಿತವೆನಿಸಿದರೆ ವಾಹನದಿಂದಲೇ ಸಂಸ್ಥೆಗೆ ಕರೆ ಮಾಡಿ, ಆನ್‌ಲೈನ್ ಚೆಕ್-ಇನ್ ಇನ್ನೂ ತೆರೆದಿದ್ದರೆ ಮುಗಿಸಿ. ನಿಲ್ದಾಣ ತಲುಪಿದ ಕೂಡಲೇ ಸಾಲಿನ ಕೊನೆಗೆ ಹೋಗಿ ನಿಲ್ಲಬೇಡಿ; ಸಾಲು ನಿರ್ವಹಿಸುವ ಸಿಬ್ಬಂದಿಗೆ ವಿಮಾನದ ಸಂಖ್ಯೆ ಮತ್ತು ಹೊರಡುವ ಸಮಯವನ್ನು ಹೇಳಿ. ಕೌಂಟರ್ ಮುಚ್ಚುವ ಹೊತ್ತು ಹತ್ತಿರವಾದ ವಿಮಾನದ ಪ್ರಯಾಣಿಕರನ್ನು ಮುಂದಕ್ಕೆ ಕರೆಯುವುದು ಅವರ ಕೆಲಸದ ಭಾಗವೇ ಆಗಿರುತ್ತದೆ. ಭದ್ರತಾ ಸಾಲಿನಲ್ಲಿಯೂ ಹೀಗೆಯೇ, ಮೊದಲು ಸಿಬ್ಬಂದಿಯನ್ನು, ಆಮೇಲೆ ಮುಂದೆ ನಿಂತವರನ್ನು ವಿನಯದಿಂದ ಕೇಳಿ.

ವಿಮಾನ ತಪ್ಪುವುದು ಖಚಿತವಾದರೂ, ಅದು ಹೊರಡುವ ಮೊದಲೇ ಸಂಸ್ಥೆಗೆ ತಿಳಿಸಿ ದಾಖಲು ಮಾಡಿಸುವುದು ಬಹಳ ಮುಖ್ಯ. ಏನೂ ಹೇಳದೆ ಮೊದಲ ಹಾರಾಟಕ್ಕೆ ಗೈರುಹಾಜರಾದರೆ ಅದೇ ಟಿಕೆಟ್ಟಿನ ಮುಂದಿನ ಹಾರಾಟಗಳನ್ನೂ ಹಿಂದಿರುಗುವ ಪ್ರಯಾಣವನ್ನೂ ಬಹುತೇಕ ಸಂಸ್ಥೆಗಳು ರದ್ದುಮಾಡುತ್ತವೆ. ಸಂಸ್ಥೆಯ ಟಿಕೆಟ್ ಕೌಂಟರಿನಲ್ಲಿ ಮುಂದಿನ ವಿಮಾನಕ್ಕೆ ಬದಲಿಸಲು ತಗಲುವ ಶುಲ್ಕವನ್ನು ಕೇಳಿ, ಹೊಸ ಟಿಕೆಟ್ಟಿನ ಬೆಲೆಯೊಂದಿಗೆ ಹೋಲಿಸಿ ನೋಡಿ. ಹಳೆಯ ಟಿಕೆಟ್ಟಿನಲ್ಲಿ ಹಾರಾಟಕ್ಕೆ ಮೊದಲು ಕಟ್ಟಿದ ಸರ್ಕಾರಿ ತೆರಿಗೆಗಳಲ್ಲಿ ಮರಳಿ ಸಿಗುವಂಥದ್ದು ಏನಾದರೂ ಇದೆಯೇ ಎಂಬುದನ್ನೂ ಅಲ್ಲಿಯೇ ವಿಚಾರಿಸಿ. ಒಪ್ಪಿಸಿದ ಲಗೇಜ್ ಇದ್ದರೆ ಅದನ್ನು ಕೆಳಗಿಳಿಸಿ ಎಲ್ಲಿ ಇಡುತ್ತಾರೆಂದು ಕೇಳಿ, ಲಗೇಜ್ ಚೀಟಿಯನ್ನು ಅದು ಕೈಗೆ ಬರುವವರೆಗೂ ಜೋಪಾನವಾಗಿಟ್ಟುಕೊಳ್ಳಿ. ಈಗಾಗಲೇ ನಿರ್ಗಮನದ ಇಮಿಗ್ರೇಷನ್ ದಾಟಿದ್ದವರು ತಾವಾಗಿ ಹೊರಗೆ ಬರುವಂತಿಲ್ಲ. ಸಂಸ್ಥೆಯ ಸಿಬ್ಬಂದಿಯ ಜೊತೆ ಇಮಿಗ್ರೇಷನ್ ಅಧಿಕಾರಿಗಳ ಬಳಿ ಹೋಗಿ, ನಿರ್ಗಮನದ ಮುದ್ರೆಯನ್ನೋ ದಾಖಲೆಯನ್ನೋ ರದ್ದುಮಾಡಿಸಿಕೊಂಡೇ ಹೊರಗೆ ಬರಬೇಕು.